ನಿಂತುಹೋಗಿದ್ದ ಗೇಮ್ ಮತ್ತೆ ಬರ್ತಿದೆ, ಆಲ್-ಇನ್ ಹೋಗ್ಲಾ ಕಾಯ್ಲಾ? ಅನುಭವ ಇರೋರು ಹೇಳಿ

ಎರಡನೇ ದಾಳ

ಎಲ್ರಿಗೂ ನಮಸ್ಕಾರ. ಹದಿನಾಲ್ಕು ವರ್ಷದ ಹಿಂದೆ ನಿಂತುಹೋದ ಒಂದು ಸ್ಕರ್ಮಿಶ್ ಗೇಮ್ (ಟೇಬಲ್ ಮೇಲೆ ಗೊಂಬೆ ಇಟ್ಕೊಂಡು ಆಡೋ ಸಣ್ಣ ಕದನ), ಹೆಸರು ಹೇಳಿದ್ರೆ ಬೇರೆ ಜಗಳ ಶುರುವಾಗುತ್ತೆ ಅದಕ್ಕೆ ಹೇಳ್ತಿಲ್ಲ, ಅದನ್ನ ಈಗ ಹಕ್ಕು ಇಟ್ಕೊಂಡಿರೋ ದೊಡ್ಡ ಕಂಪನಿಯೇ ಕ್ರೌಡ್‌ಫಂಡಿಂಗ್‌ಗೆ ಹಾಕಿದೆ, ಅಂದ್ರೆ ಮಾಡೋಕೆ ಮುಂಚೆನೇ ಜನರ ಹತ್ರ ದುಡ್ಡು. ಇನ್ನು ನಾಲ್ಕೇ ದಿನ. ಕೋರ್ (ಮೂಲ ಪೆಟ್ಟಿಗೆ) 130 ಡಾಲರ್, ಆಲ್-ಇನ್ (ಎಲ್ಲಾ ಸೇರಿ) 340, ಶಿಪ್ಪಿಂಗ್ ಆಮೇಲೆ ಪ್ಲೆಡ್ಜ್ ಮ್ಯಾನೇಜರಲ್ಲಿ (ಕ್ಯಾಂಪೇನ್ ಮುಗಿದ್ಮೇಲೆ ಬಾಕಿ ದುಡ್ಡು ಕಟ್ಟೋ ಪೇಜ್). ನನ್ನ ಹತ್ರ ಹಳೇ ಸೆಟ್ ಎರಡಿದೆ, ಸುಮಾರು 60 ಫಿಗರ್ (ಗೊಂಬೆ), ಎಲ್ಲಾ 28 ಎಂಎಂ ಎತ್ತರದ ಸ್ಕೇಲ್, 25 ಎಂಎಂ ಬೇಸ್ (ಕಾಲಡಿಯ ಬಿಲ್ಲೆ) ಮೇಲೆ. ಹೊಸದು 35 ಎಂಎಂ ಅಂತಿದಾರೆ. ಆಡೋದು ನಾನು ನನ್ನ ತಂಗಿ ಇಬ್ರೇ. ಕೇಳೋದು ಮೂರೇ: ಹಳೇದು ಹೊಸದು ಒಂದೇ ಟೇಬಲ್ ಮೇಲೆ ಇಟ್ರೆ ವಿಕಾರ ಕಾಣುತ್ತಾ, ಇಬ್ರಿಗೆ ಆಲ್-ಇನ್ ಬೇಕಾ, ಇಲ್ಲಾ ಸುಮ್ನೆ ಅಂಗಡಿಗೆ ಬರೋವರ್ಗೂ ಕಾಯ್ಲಾ?

ಬೂದು ರಾಶಿ

ಬೇಡ. ಯಾಕೆ ಅಂತ ಹೇಳ್ತೀನಿ, ಉದ್ದ ಆಗುತ್ತೆ, ಆಗ್ಲಿ, ಮೂರು ವರ್ಷದಿಂದ ಹೊಟ್ಟೇಲಿ ಇಟ್ಕೊಂಡು ಓಡಾಡ್ತಿದೀನಿ.

ನಂದೂ ಇದೇ ಕಥೆ. ಸ್ಕೂಲಲ್ಲಿ ಆಡ್ತಿದ್ದ ಗೇಮ್. ಕಂಪನಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ, ಗೋಡೌನ್ ಇದೆ, ಆಫೀಸ್ ಇದೆ, ವರ್ಷಾ ವರ್ಷಾ ಅಂಗಡಿಗೆ ಪೆಟ್ಟಿಗೆ ಬಿಡ್ತಾನೇ ಇರುತ್ತೆ. ಗ್ಯಾರೇಜಲ್ಲಿ ಕೂತು ಮಾಡೋ ಇಬ್ಬರು ಹುಡುಗ್ರಿಗೆ ದುಡ್ಡು ಹಾಕೋಕೆ ಭಯ ಪಡ್ತೀವಿ ಸರಿ, ಇವ್ರೇನು ಓಡಿಹೋಗ್ತಾರಾ ಅಂತ ಕಣ್ಣು ಮುಚ್ಚಿ ಹಾಕ್ದೆ. ಓಡಿಹೋಗ್ಲಿಲ್ಲ ನಿಜ. ಲೆಕ್ಕ ನೋಡಿ.

ಕೋರ್ 140. ಆಡ್-ಆನ್ (ಜೊತೆಗೆ ಕೊಳ್ಳೋ ಸೆಟ್) ಎರಡು, 55 ಮತ್ತೆ 40. ಅಲ್ಲಿಗೆ 235. ಶಿಪ್ಪಿಂಗ್ 25ರಿಂದ 30 ಆಗಬಹುದು ಅಂತ ಪೇಜಲ್ಲಿ ದೊಡ್ಡದಾಗಿ ಬರ್ದಿತ್ತು, ಪ್ಲೆಡ್ಜ್ ಮ್ಯಾನೇಜರ್ ಓಪನ್ ಆದಾಗ ನೋಡ್ತೀನಿ 61. ಕಂಟೇನರ್ ರೇಟು ಅಂದ್ರು. ಅದು ಸುಳ್ಳಲ್ಲ, 2021ರಲ್ಲಿ ಎರಡು ಸಾವಿರ ಡಾಲರ್ ಆಸುಪಾಸಿದ್ದ 40 ಅಡಿ ಕಂಟೇನರ್ ಇಪ್ಪತ್ತು ಸಾವಿರದ ಹತ್ರ ಹೋಗಿತ್ತು, ಅದೇ ಮಾರ್ಚಲ್ಲಿ ಎವರ್ ಗಿವನ್ ಹಡಗು ಸೂಯೆಜ್‌ನಲ್ಲಿ ಆರು ದಿನ ಅಡ್ಡ ಕೂತಿತ್ತು, ಎಲ್ಲಾ ಗೊತ್ತು. ಆದ್ರೆ ಗೊಂಬೆ ರೆಡಿ ಆಗಿದ್ದೇ ಆ ರೇಟು ಇಳಿದ್ಮೇಲೆ! ಇಳಿದ ರೇಟು ನಮಗೆ ವಾಪಸ್ ಬರ್ಲಿಲ್ಲ. ಆಮೇಲೆ ಸ್ಟ್ರೆಚ್ ಗೋಲ್ (ಗುರಿಗಿಂತ ಜಾಸ್ತಿ ದುಡ್ಡು ಬಂದ್ರೆ ಕೊಡೋ ಹೆಚ್ಚುವರಿ ಗೊಂಬೆ) ಎಲ್ಲಾ ವೇವ್ 2, ಅಂದ್ರೆ ಎರಡನೇ ಕಂತಲ್ಲಿ ಅಂದ್ರು, ಅದಕ್ಕೆ ಬೇರೆ ಶಿಪ್ಪಿಂಗ್ 44. ಕಸ್ಟಮ್ಸ್ 52. ವೇವ್ 1ರಲ್ಲಿ ಎರಡು ಎಡಗೈ ಇರೋ ಒಬ್ಬ ಕ್ಯಾಪ್ಟನ್ ಬಂದಿದ್ದ, ಬಲಗೈ ಕಳ್ಸಿ ಅಂದ್ರೆ ರೀಪ್ಲೇಸ್‌ಮೆಂಟ್ ಫ್ರೀ, ಪೋಸ್ಟೇಜ್ ನಿಮ್ದು, 11. ಒಟ್ಟು 403. ಇದ್ರಲ್ಲಿ 168 ಡಾಲರ್ ಗೊಂಬೆಗೆ ಹೋಗೇ ಇಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಕೇಳಿದ್ದೆ, ತೂಕ ಹಾಕಿ ನೋಡಿದ್ದು ಇದೇ ಮೊದ್ಲು.

ಟೈಮು? 14 ತಿಂಗಳು ಅಂದಿದ್ರು. ವೇವ್ 1 ಬಂದಿದ್ದು 27ನೇ ತಿಂಗಳು, ವೇವ್ 2 39ನೇ ತಿಂಗಳು. ವೇವ್ 1ರ ಈಟಿಗಳು ಬೇಯಿಸಿದ ಶಾವಿಗೆ ಥರ ಬಾಗಿದ್ವು. ರೂಲ್‌ಬುಕ್ ಪೆಟ್ಟಿಗೆ ಒಳಗಿಂದ ಆಚೆ ಬರೋಕೆ ಮುಂಚೆನೇ ಆರು ಪುಟದ ಎರ್ರಾಟಾ (ತಪ್ಪೋಲೆ) ಬಂದಿತ್ತು. ಇದೆಲ್ಲಾ ನುಂಗ್ಕೊಂಡೆ. ನುಂಗೋಕಾಗ್ದೇ ಇರೋದು ಒಂದೇ: ನನ್ನ ಪೆಟ್ಟಿಗೆ ಬರೋಕೆ ಐದು ವಾರ ಮುಂಚೆ ಅದೇ ಕೋರ್ ಆನ್‌ಲೈನ್ ಅಂಗಡೀಲಿ 112 ಡಾಲರ್. ಸ್ಟಾಕ್ ಇದೆ, ನಾಳೆ ಡೆಲಿವರಿ.

ಮೊದಲ ದಿನದವನು

ಬೂದು ರಾಶಿ ಅವ್ರೇ ಬೇಜಾರಾಗ್ಬೇಡಿ, ನೀವು ಹಾಕಿದ್ದೇ ತಪ್ಪು ಕಂಪನಿಗೆ. ಎಲ್ಲಾರ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ.

ನಾನು 2020ರಲ್ಲಿ ಹೀರೋಕ್ವೆಸ್ಟ್‌ಗೆ ಮೊದಲ ದಿನವೇ ಹಾಕ್ದೋನು. 1989ರ ಗೇಮ್ ಅದು, ಮಿಲ್ಟನ್ ಬ್ರಾಡ್ಲಿ ಮತ್ತೆ ಗೇಮ್ಸ್ ವರ್ಕ್‌ಶಾಪ್ ಸೇರಿ ಮಾಡಿದ್ದು, ನಮ್ಮಣ್ಣನ ಪೆಟ್ಟಿಗೆ ನಾನು ಹಾಳು ಮಾಡಿದ್ದೆ, ಅದರ ಗಾರ್ಗಾಯ್ಲ್ ರೆಕ್ಕೆ ಮುರಿದಿದ್ದಕ್ಕೆ ತಿಂದ ಏಟು ಇನ್ನೂ ಜ್ಞಾಪಕ ಇದೆ. ಹ್ಯಾಸ್‌ಬ್ರೋ ಅದನ್ನ ತನ್ನದೇ ಕ್ರೌಡ್‌ಫಂಡಿಂಗ್ ಸೈಟ್ ಹ್ಯಾಸ್‌ಲ್ಯಾಬಲ್ಲಿ ಹಾಕ್ದಾಗ ಗುರಿ ಹತ್ತು ಲಕ್ಷ ಡಾಲರ್, ಒಂದು ದಿನದಲ್ಲಿ ಮುಟ್ತು, ಕೊನೆಗೆ 37 ಲಕ್ಷದ ಹತ್ರ ಹೋಯ್ತು. ನಾನು ತಗೊಂಡಿದ್ದು ಮಿಥಿಕ್ ಟಿಯರ್ (ದೊಡ್ಡ ಪ್ಯಾಕೇಜ್), 149.99 ಡಾಲರ್. ಅದ್ರಲ್ಲಿ ಕೆಲ್ಲರ್ಸ್ ಕೀಪ್, ರಿಟರ್ನ್ ಆಫ್ ದಿ ವಿಚ್ ಲಾರ್ಡ್ ಅನ್ನೋ ಹೆಚ್ಚುವರಿ ಸೆಟ್ ಎರಡೂ ಬಂತು. ಹಳೇ ಮಿನಿಯೇಚರ್ ಎಲ್ಲಾ ಹೊಸದಾಗಿ ಕೆತ್ತಿ, ಮೇಜು ಕಪಾಟು ಶವಪೆಟ್ಟಿಗೆ ಎಲ್ಲಾ ಪ್ಲಾಸ್ಟಿಕ್‌ನಲ್ಲಿ. ಮುಂದಿನ ವರ್ಷ ಕೊನೆಗೆ ಮನೆ ಬಾಗ್ಲಿಗೆ. ಅಣ್ಣನ್ನ ಕರ್ದು ಕೂರಿಸಿ ಆಡಿದೆ, ಅವ್ನು ಮೊದಲು ಮಾಡಿದ್ದು ಗಾರ್ಗಾಯ್ಲ್ ರೆಕ್ಕೆ ಹಿಡಿದು ಗಟ್ಟಿ ಇದೆಯಾ ಅಂತ ನೋಡಿದ್ದು.

ಹಾಗಾಗಿ ಆಲ್-ಇನ್ ಹೋಗಿ. ಮನಸ್ಸಲ್ಲಿ ಇರೋ ಗೇಮ್‌ಗೆ ಲೆಕ್ಕ ಹಾಕ್ಬಾರ್ದು.

ಬೂದು ರಾಶಿ

ನಿಮಗೆ ಸರಿಯಾಗಿ ಬಂತು ಅಂತ ನನ್ನದು "ತಪ್ಪು ಕಂಪನಿ"! ಲಾಟರಿ ಹೊಡೆದೋನು ಬಡವನಿಗೆ ಟಿಕೆಟ್ ಆರಿಸೋದು ಹೇಳ್ಕೊಟ್ಟ ಹಾಗಾಯ್ತು.

ಹೆಕ್ಸ್ ಹುಚ್ಚ

ಹ್ಯಾಸ್‌ಲ್ಯಾಬ್ ಅಂದ ಕೂಡ್ಲೆ ನಂಗೆ ಎದೆ ಉರಿ ಶುರು ಮಾರಾಯ್ರೆ. ಹೀರೋಕ್ವೆಸ್ಟ್‌ನವರು ಹೀರೋಸ್ಕೇಪ್ ಬಗ್ಗೆ ಮಾತಾಡೋದೇ ಇಲ್ಲ ನೋಡಿ, ಮದುವೆ ಮನೇಲಿ ಫೇಲಾದ ಅಳಿಯನ ಸುದ್ದಿ ತೆಗೀದ ಹಾಗೆ.

ಹೀರೋಸ್ಕೇಪ್ 2004ರಲ್ಲಿ ಬಂದ ಗೇಮ್, 2010ರಲ್ಲಿ ನಿಲ್ಲಿಸಿದ್ರು. ಪ್ಲಾಸ್ಟಿಕ್ ಹೆಕ್ಸ್ (ಆರು ಮೂಲೆಯ ತುಂಡು) ಒಂದರ ಮೇಲೊಂದು ಕೂರಿಸಿ ಗುಡ್ಡ, ನದಿ, ಕೋಟೆ ಕಟ್ಟುದು, ಪೇಂಟ್ ಆಗಿಯೇ ಬರುವ ಫಿಗರ್. ಸಮುರಾಯ್ ಒಬ್ಬ ಡ್ರ್ಯಾಗನ್ ಜೊತೆ, ಅವ್ನ ಪಕ್ಕ ರೋಬೋಟ್. ಮೂರು ಮಾಸ್ಟರ್ ಸೆಟ್ ಉಂಟು ನನ್ನ ಹತ್ರ, ಹೆಕ್ಸ್ ಹಾಕಿದ ಡಬ್ಬಗಳಿಂದಲೇ ಒಂದು ಮಂಚದ ಅಡಿ ಭರ್ತಿ. ಹನ್ನೆರಡು ವರ್ಷ ಕಾದದ್ದು. 2022ರಲ್ಲಿ ಹ್ಯಾಸ್‌ಲ್ಯಾಬಲ್ಲಿ ಬಂತು, ಏಜ್ ಆಫ್ ಅನೈಹಿಲೇಷನ್ ಅಂತ. 249.99 ಡಾಲರ್, 8,000 ಜನ ಬೇಕು. ಅಂದ್ರೆ ಸುಮಾರು 20 ಲಕ್ಷ ಡಾಲರ್. ಮತ್ತೆ ಫಿಗರಿಗೆ ಪೇಂಟ್ ಇಲ್ಲ! ಪೇಂಟ್ ಆಗಿರುದೇ ಆ ಗೇಮಿನ ಜೀವ, ಅದು ತೆಗ್ದು 250 ಕೇಳಿದ್ರೆ?

ಆದ್ರೂ ನಾನು ಎರಡು ಹಾಕಿದೆ. ಗೊತ್ತಿದ್ದವರಿಗೆಲ್ಲ ಮೆಸೇಜ್ ಮಾಡಿದೆ, ಭಾವನ ಕಾರ್ಡಲ್ಲೂ ಒಂದು ಹಾಕಿಸಿದೆ, ಅವ್ರಿಗೆ ಅದು ಏನು ಅಂತಲೇ ಗೊತ್ತಿಲ್ಲ. ದಿನಾ ಬೆಳಿಗ್ಗೆ ಎದ್ದು ಕಣ್ಣು ಉಜ್ಜುವ ಮೊದ್ಲು ಕೌಂಟ್ ನೋಡುದು, ಏರ್ಲಿಲ್ಲ. ಮುಟ್ಲಿಲ್ಲ. ದುಡ್ಡೇನೂ ಹೋಗ್ಲಿಲ್ಲ, ಅದು ಸರಿ. ಆದ್ರೆ ಹೇಳ್ತೇನೆ ಕೇಳಿ, ದುಡ್ಡು ಹೋದ್ರೆ ಸಿಟ್ಟಾದ್ರೂ ಮಾಡ್ಬಹುದು, ಇಲ್ಲಿ ಯಾರ ಮೇಲೆ ಸಿಟ್ಟು ಮಾಡುದು? "ಸಾಕಷ್ಟು ಜನಕ್ಕೆ ಬೇಡವಂತೆ" ಅಂತ ಸರ್ಟಿಫಿಕೇಟ್ ಕೊಟ್ಟ ಹಾಗೆ ಆಯ್ತು ನಮ್ಮ ಗೇಮಿಗೆ.

ಮರುವರ್ಷವೇ ರೆನೆಗೇಡ್ ಅನ್ನೋ ಗೇಮ್ ಕಂಪನಿಯವರು ಲೈಸೆನ್ಸ್ ತಗೊಂಡ್ರು, 2024ರಲ್ಲಿ ಪೆಟ್ಟಿಗೆ ಅಂಗಡಿಗೆ ಬಂತು. ಕ್ರೌಡ್ ಇಲ್ಲ, ಫಂಡಿಂಗ್ ಇಲ್ಲ. ಹಳೇ ಹೆಕ್ಸಿಗೆ ಹೊಸ ಹೆಕ್ಸ್ ಟಕ್ ಅಂತ ಕೂರ್ತದೆ. ಹಾಗಾದ್ರೆ ನಾವು ಅಷ್ಟು ದಿನ ನಿದ್ದೆ ಬಿಟ್ಟದ್ದು ಯಾಕೆ?

ಅಚ್ಚಿನ ಮನೆ

ಇಲ್ಲಿ ಎಲ್ರೂ ಅಳೋದೇ ಆಯ್ತು, ಒಂದು ಸ್ವಲ್ಪ ಒಳಗಿನ ವಿಷಯ ಹೇಳ್ತೀನಿ. ನಾನು ಇಂಜೆಕ್ಷನ್ ಮೋಲ್ಡಿಂಗ್ ಲೈನಲ್ಲಿ ಇದ್ದೋನು, ಆಟಿಕೆ ಅಚ್ಚು ಕೈಯಾರೆ ನೋಡಿದೀನಿ.

ನಿಂತುಹೋದ ಗೇಮ್ ವಾಪಸ್ ತರೋದು ಅಂದ್ರೆ ಕಪಾಟಿಂದ ಹಳೇ ಅಚ್ಚು ತೆಗ್ದು ಮೆಷಿನ್‌ಗೆ ಹಾಕೋದಲ್ಲ ಸ್ವಾಮಿ. ಹಳೇ ಲೋಹದ ಫಿಗರ್ ಆದ್ರೆ ವಲ್ಕನೈಸ್ ಮಾಡಿದ ರಬ್ಬರ್ ಅಚ್ಚಲ್ಲಿ ತಿರುಗಿಸಿ ಎರಕ ಹೊಯ್ದಿರ್ತಾರೆ, ಆ ರಬ್ಬರ್ ಸವೆದು ಹೋಗುತ್ತೆ, ಮಾಸ್ಟರ್ (ಮೂಲ ಗೊಂಬೆ) ಇಲ್ಲ ಅಂದ್ರೆ ಕಥೆ ಮುಗೀತು. ಪ್ಲಾಸ್ಟಿಕ್ ಆದ್ರೆ ಸ್ಟೀಲ್ ಟೂಲ್ (ಉಕ್ಕಿನ ಅಚ್ಚು) ಯಾವುದೋ ಫ್ಯಾಕ್ಟರೀಲಿ ಇತ್ತು, ಫ್ಯಾಕ್ಟರಿ ಮುಚ್ತು, ಟೂಲ್ ತುಕ್ಕು ಹಿಡೀತು ಇಲ್ಲಾ ಗುಜರಿಗೆ ಹೋಯ್ತು. ಆಗಿನ ಕೆತ್ತನೆ ಎಲ್ಲಾ ಪುಟ್ಟಿಯಲ್ಲಿ ಕೈಯಿಂದ ಮಾಡಿದ್ದು, ಕಂಪ್ಯೂಟರ್ ಫೈಲೇ ಇರಲ್ಲ. ಹಾಗಾಗಿ ಪೂರ್ತಿ ಮೊದಲಿಂದ. ಹೊಸದು ಯಾಕೆ ದೊಡ್ಡ ಸ್ಕೇಲಲ್ಲಿ ಬರುತ್ತೆ ಅಂದ್ರೆ ಹೇಗೂ ಹೊಸದಾಗಿ ಕೆತ್ತಬೇಕಲ್ಲ, ಕೆತ್ತೋದೇ ಆದ್ರೆ ಈಗಿನ ಟೇಸ್ಟಿಗೆ ಕೆತ್ತೋಣ ಅಂತ. ಒಂದೊಂದು ಸ್ಟೀಲ್ ಟೂಲಿಗೆ ಸಾವಿರಾರು ಡಾಲರ್, ಅದೂ ಮೊದಲ ಗೊಂಬೆ ಆಚೆ ಬರೋಕೆ ಮುಂಚೆ. ಹತ್ತು ಪೆಟ್ಟಿಗೆ ಮಾರಿದ್ರೂ ಅಷ್ಟೇ ಹತ್ತು ಸಾವಿರ ಮಾರಿದ್ರೂ ಅಷ್ಟೇ.

ಬಾಗಿದ ಈಟಿ ಅಂದ್ರಲ್ಲ, ಅದು ಪಿವಿಸಿ. ಮೆತ್ತಗಿರೋದ್ರಿಂದ ಅಂಡರ್‌ಕಟ್ (ಅಚ್ಚಿಗೆ ಸಿಕ್ಕಿಕೊಳ್ಳೋ ಒಳಬಾಗು) ಇದ್ರೂ ಅಚ್ಚಿಂದ ಬಿಡಿಸ್ಕೊಂಡು ಬರುತ್ತೆ, ಒಂದೇ ಪೀಸಲ್ಲಿ ಮುಗಿಯುತ್ತೆ, ಅಂಟಿಸೋ ರಗಳೆ ಇಲ್ಲ. ಮೆತ್ತಗಿರೋದ್ರಿಂದಲೇ ತೆಳ್ಳಗಿನ ಭಾಗ ಬಾಗುತ್ತೆ. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ ತಕ್ಷಣ ತಣ್ಣೀರಲ್ಲಿ ಅದ್ದಿ, ನಿಲ್ಲುತ್ತೆ. ಸ್ಪ್ರೂನಲ್ಲಿ (ಬಿಡಿ ಭಾಗ ಅಂಟ್ಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಬರೋ ಗಟ್ಟಿ ಪಾಲಿಸ್ಟೈರೀನ್ ಆದ್ರೆ ಬಾಗಲ್ಲ, ಆದ್ರೆ ಕೈ ಕಾಲು ತಲೆ ಬೇರೆ ಬೇರೆ, ನೀವೇ ಅಂಟಿಸ್ಬೇಕು. ಎರಡೂ ಬೇಕು ಅಂದ್ರೆ ಆಗಲ್ಲ.

ದೊಡ್ಡ ಕಂಪನಿ ಯಾಕೆ ಕೈ ಚಾಚುತ್ತೆ ಅಂತ ಕೇಳ್ತೀರಿ. ಅಂಗಡಿ ದಾರೀಲಿ 100 ಡಾಲರ್ ಪೆಟ್ಟಿಗೆ ಮಾರಿದ್ರೆ ಡಿಸ್ಟ್ರಿಬ್ಯೂಟರ್ ಕೈಯಿಂದ ಕಂಪನಿಗೆ ಬರೋದು 40ರ ಆಸುಪಾಸು. ಕಿಕ್‌ಸ್ಟಾರ್ಟರ್ ಅನ್ನೋ ಕ್ರೌಡ್‌ಫಂಡಿಂಗ್ ಸೈಟಲ್ಲಿ 5 ಪರ್ಸೆಂಟ್ ಅವ್ರಿಗೆ, ಪೇಮೆಂಟಿಗೆ ಇನ್ನೊಂದು 3ರಿಂದ 5, ಉಳಿದದ್ದು ಇವ್ರಿಗೆ, ಅದೂ ಮುಂಗಡ. ಎಲ್ಲಕ್ಕಿಂತ ಮುಖ್ಯ ಎಷ್ಟು ಪೆಟ್ಟಿಗೆ ಮಾಡ್ಬೇಕು ಅಂತ ಮೊದಲೇ ಗೊತ್ತಾಗುತ್ತೆ. ಓಗರ್ ತಗೊಳ್ಳಿ, 1977ರ ಗೇಮ್, ಸ್ಟೀವ್ ಜಾಕ್ಸನ್ ಗೇಮ್ಸ್‌ನವರು 2012ರಲ್ಲಿ 20,000 ಡಾಲರ್ ಕೇಳಿದ್ರು, ಬಂದಿದ್ದು 9,23,680. ಆ ಹಳೇ ಗೇಮ್‌ಗೆ ಇಷ್ಟು ಜನ ಇದಾರೆ ಅಂತ ಯಾವ ಆಫೀಸಲ್ಲಿ ಕೂತು ಊಹೆ ಮಾಡ್ತೀರಿ? ಹೆಕ್ಸ್ ಹುಚ್ಚ ಅವ್ರ ಕೇಸಲ್ಲೂ ಅದೇ, ಉತ್ತರ "ಈ ರೇಟಿಗೆ ಇಲ್ಲ" ಅಂತ ಬಂತು. ಸಿಸ್ಟಮ್ ಕೆಲ್ಸ ಮಾಡಿದ್ದೇ ಹಾಗೆ. ಅಳೋದೇನಿದೆ?

ಹೆಕ್ಸ್ ಹುಚ್ಚ

ಅಳೋದೇನಿದೆ ಅಂತೆ! ಮತ್ತೆ ಓಗರ್ ಮಿನಿಯೇಚರ್ ಅಲ್ಲ ಮಾರಾಯ್ರೆ, ಆ ಪೆಟ್ಟಿಗೇಲಿ ಬಂದದ್ದು ರಟ್ಟಿನ ಕೌಂಟರ್ (ಬಿಲ್ಲೆ). ರಟ್ಟಿಗೆ ಯಾವ ಸ್ಟೀಲ್ ಟೂಲ್? ಇಷ್ಟೆಲ್ಲ ಅಚ್ಚಿನ ಪಾಠ ಮಾಡಿ ಉದಾಹರಣೆ ಮಾತ್ರ ರಟ್ಟಿಂದು.

ಅಚ್ಚಿನ ಮನೆ

ಡಿಮ್ಯಾಂಡ್ ಬಗ್ಗೆ ಹೇಳಿದ್ದು ಅದು, ರಟ್ಟಾದ್ರೂ ಕತ್ತರಿಸೋಕೆ ಡೈ ಬೇಕು. ಓದೋಕೆ ಬರದೇ ಇದ್ರೆ ನಾನೇನು ಮಾಡ್ಲಿ.

ಬೂದು ರಾಶಿ

ಅಚ್ಚಿನ ಮನೆ ಅವ್ರೇ, ನೀವು ಹೇಳಿದ ಎಲ್ಲಾ ಸರಿ ಅಂತನೇ ಇಟ್ಕೊಳ್ಳಿ. ಟೂಲಿಗೆ ಮೊದಲೇ ದುಡ್ಡು ಬೇಕು, ಎಷ್ಟು ಮಾರುತ್ತೆ ಗೊತ್ತಿಲ್ಲ, ರಿಸ್ಕ್. ಆ ರಿಸ್ಕ್ ತಗೊಳ್ಳೋಕೇ ತಾನೇ ಕಂಪನಿ ಅಂತ ಇರೋದು? ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂತಾರಲ್ಲ, ನಾನು ಬಾವಿ ಒಳಗಿಂದ ಬರೀತಾ ಇದೀನಿ. ಆಳ ಹೇಳಿ ಅಂದ್ರಿ, 39 ತಿಂಗಳು ಅಂತ ಹೇಳ್ದೆ. ಗೇಮ್ಸ್ ವರ್ಕ್‌ಶಾಪ್ 2016ರಲ್ಲಿ ಬ್ಲಡ್ ಬೌಲ್ ವಾಪಸ್ ತಂತು, 2017ರಲ್ಲಿ ನೆಕ್ರೊಮುಂಡಾ ತಂತು, ಯಾರ ಹತ್ರನೂ ವರ್ಷಗಟ್ಟಲೆ ಮುಂಗಡ ಇಸ್ಕೊಳ್ಲಿಲ್ಲ. ಮಾಡಿದ್ರು, ಪೆಟ್ಟಿಗೆಗೆ ಹಾಕಿದ್ರು, ಮಾರಿದ್ರು.

ಮೊದಲ ದಿನದವನು

ಹೌದೌದು, ಅದೇ ಗೇಮ್ಸ್ ವರ್ಕ್‌ಶಾಪ್ 2009ರಲ್ಲಿ ಸ್ಪೇಸ್ ಹಲ್ಕ್ ಅನ್ನೋ ಹಳೇ ಗೇಮ್ ಒಂದೇ ಸಲ ತಯಾರಿಸಿ ಖಾಲಿ ಮಾಡ್ತಲ್ಲ, 2014ರಲ್ಲಿ ಮತ್ತೆ ಹಂಗೇ. ಸಿಕ್ಕೋನಿಗೆ ಸೀರುಂಡೆ. ಸಿಗದೇ ಇದ್ದೋರು ಸೆಕೆಂಡ್‌ಹ್ಯಾಂಡಲ್ಲಿ ಎಷ್ಟು ಕೊಟ್ರು ಕೇಳಿ. ಅದಕ್ಕಿಂತ ಒಂದು ತಿಂಗಳು ಟೈಮ್ ಕೊಟ್ಟು ಯಾರಿಗೆ ಬೇಕು ಅಂತ ಕೇಳೋದು ಮರ್ಯಾದೆ ಅಲ್ವಾ?

ಕಾಯೋ ಕಾಕಾ

ನಾ ಕಾದಾಂವ್ ರೀ. ನಂದೂ ಕೇಳ್ರಿ. ಈ ಬೂದು ರಾಶಿಯವರ ಹಂಗ ಒಮ್ಮೆ ಸುಟ್ಕೊಂಡಿದ್ದೆ, ಹಂಗಾಗಿ ಮುಂದಿನ ಸಲ ಇನ್ನೊಂದು ಹಳೇ ಗೇಮ್ ಬಂದಾಗ ಶಾಣ್ಯಾ ಆಗಿ ಕುಂತೆ. ಅಂಗಡಿಗೆ ಬರ್ಲಿ, ಎಲ್ಲಾರೂ ಆಡಿ ಚಲೋ ಅನ್ಲಿ, ಆಮ್ಯಾಲ ತಗೊಂಡ್ರಾತು ಅಂತ. ಹೆಂಡ್ತಿ ಮುಂದ ಎದಿ ಉಬ್ಬಿಸಿ ಹೇಳೀನಿ, ನೋಡು ಈ ಸಲ ಒಂದು ಡಾಲರ್ ಹಾಕಿಲ್ಲ ಅಂತ.

ಹದಿನೆಂಟ ತಿಂಗಳಿಗೆ ಬಂತ್ರಿ ಅಂಗಡಿಗೆ, 90 ಡಾಲರ್. ತಗೊಂಡೆ. ತೆಗೆದು ನೋಡಿದ್ರ, ನಾ ಯಾವ ಸೈನ್ಯಕ್ಕ ಹಪಾಹಪಿ ಮಾಡ್ತಿದ್ನೋ ಆ ಸೈನ್ಯನ ಇಲ್ಲ! ಅದು ಬ್ಯಾಕರ್ ಎಕ್ಸ್‌ಕ್ಲೂಸಿವ್, ಅಂದ್ರ ಕ್ಯಾಂಪೇನ್‌ನ್ಯಾಗ ರೊಕ್ಕ ಹಾಕಿದವರಿಗಷ್ಟ. ರೂಲ್‌ಬುಕ್‌ನ್ಯಾಗ ಅದರ ಚಿತ್ರ ಐತಿ, ಕಾರ್ಡ್ ಐತಿ, ಸಿನಾರಿಯೊ ಮೂರು ಅದಾವು, ಗೊಂಬಿ ಇಲ್ಲ. ಇದೇನ ಊಟಕ್ಕ ಕರದು ಎಲಿ ಹಾಸಿ ಅನ್ನ ಇಲ್ಲ ಅಂದಂಗ. ಕೊನಿಗೆ ಒಬ್ಬ ಬ್ಯಾಕರ್ ಕಡೆ ಆ ಎಕ್ಸ್‌ಕ್ಲೂಸಿವ್ ಪೆಟ್ಟಿಗಿ ಒಂದ 130 ಕೊಟ್ಟು ತಗೊಂಡೆ, ಪೋಸ್ಟೇಜ್ 18. ಒಟ್ಟು 238 ಆತು. ಕ್ಯಾಂಪೇನ್‌ನ್ಯಾಗ ಎಲ್ಲಾ ಸೇರಿ 160 ಇತ್ತು, ಶಿಪ್ಪಿಂಗ್ 32. ಅಂದ್ರ 46 ಡಾಲರ್ ಶಾಣ್ಯಾತನಕ್ಕ ದಂಡ ಕಟ್ಟೀನಿ. ಹೆಂಡ್ತಿಗೆ ಇನ್ನೂ ಹೇಳಿಲ್ಲ.

ಅದಕ್ಕ ನಾ ಏನ್ ಹೇಳ್ತೀನಿ ಅಂದ್ರ, ಯಾವುದು ಎಕ್ಸ್‌ಕ್ಲೂಸಿವ್, ಯಾವುದು ಬರೇ "ಮೊದಲು ಸಿಗೋದು", ಎರಡೂ ಬ್ಯಾರೆ ಬ್ಯಾರೆ, ಪೇಜ್ ಬಿಡಿಸಿ ಓದ್ರಿ. ಮಾರೋ ಮಂದಿ ಅದನ್ನ ಬೇಕಂತ ಕಲಸಿ ಇಟ್ಟಿರ್ತಾರ.

ರೆಸಿನ್ ರಾಕ್ಷಸ

ಎಲ್ಲಾರೂ ಹಳೇ ಕಾಲದಲ್ಲೇ ಇದ್ದೀರಲ್ಲ ಗುರು. 3ಡಿ ಪ್ರಿಂಟರ್ ತಗೊಳ್ಳಿ. 340 ಡಾಲರ್‌ಗೆ ಒಂದು ಒಳ್ಳೇ ರೆಸಿನ್ (ದ್ರವ ಪ್ಲಾಸ್ಟಿಕ್) ಪ್ರಿಂಟರೇ ಬರುತ್ತೆ. ಫೈಲ್ ಹುಡುಕಿ, ನಿಮಗೆ ಬೇಕಾದ ಸ್ಕೇಲಿಗೆ 80 ಪರ್ಸೆಂಟ್ ಅಂತ ಒತ್ತಿ, 35 ಎಂಎಂ ಇದ್ದದ್ದು 28 ಆಯ್ತು, ಹಳೇ ಸೆಟ್ ಪಕ್ಕ ಸರಿಯಾಗಿ ನಿಲ್ಲುತ್ತೆ. ಮುಗೀತು.

ಸುಳ್ಳು ಹೇಳಲ್ಲ, ಮೊದಲ ತಿಂಗಳು ನರಕ. ಸಪೋರ್ಟ್ (ಪ್ರಿಂಟ್ ಹಿಡಿದು ನಿಲ್ಲಿಸೋ ಕಡ್ಡಿ) ಸರಿ ಹಾಕ್ದೇ ಹನ್ನೊಂದು ಪ್ರಿಂಟಲ್ಲಿ ಏಳು ಫೇಲ್, ಕುದುರೆ ಬರುತ್ತೆ ಸವಾರ ಬರಲ್ಲ, ಸವಾರ ಬಂದ್ರೆ ಸೊಂಟದ ಮೇಲೆ ಇಲ್ಲ. ತೊಟ್ಟಿ ತಳದ ಫಿಲ್ಮ್ ಎರಡು ಸಲ ಹರೀತು. ಗ್ಲೌಸ್, ಮಾಸ್ಕ್, ತೊಳೆಯೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಕ್ಯಾನ್‌ಗಟ್ಟಲೆ, ಯುವಿ ಲೈಟು. ವಾಸನೆಗೆ ಮನೇಲಿ ಗಲಾಟೆ ಆಗಿ ಈಗ ಮೆಟ್ಟಿಲ ಕೆಳಗೆ ನನ್ನ ಫ್ಯಾಕ್ಟರಿ. ಆದ್ರೆ ಈಗ ನೋಡಿ, ಒಂದು ಸೈನ್ಯ ವಾರದಲ್ಲಿ. ಯಾರ ಅಪ್‌ಡೇಟ್‌ಗೂ ಕಾಯಲ್ಲ.

ಅಚ್ಚಿನ ಮನೆ

ಫೈಲ್ ಎಲ್ಲಿಂದ "ಹುಡುಕಿ"? ಕಂಪನಿ ಕೆತ್ತಿಸಿದ ಫಿಗರ್ ಸ್ಕ್ಯಾನ್ ಮಾಡಿ ಹಂಚ್ಕೊಳ್ಳೋದಕ್ಕೆ ಹುಡುಕೋದು ಅಂತಾರಾ? ಕೆತ್ತೋರ ಹೊಟ್ಟೆ ಮೇಲೆ ಹೊಡೆದು ಆಮೇಲೆ ಹಳೇ ಗೇಮ್ ವಾಪಸ್ ಬರ್ಲಿಲ್ಲ ಅಂತ ಅಳೋದು ಬೇರೆ.

ರೆಸಿನ್ ರಾಕ್ಷಸ

ನಾನು ದುಡ್ಡು ಕೊಟ್ಟು ತಗೊಳ್ಳೋದು, ಕೆತ್ತೋರಿಗೇ ಡೈರೆಕ್ಟ್ ತಿಂಗಳ ಚಂದಾ ಕಟ್ತೀನಿ, ನಿಮ್ಮ ಡಿಸ್ಟ್ರಿಬ್ಯೂಟರ್‌ಗೆ ಅರವತ್ತು ಕೊಟ್ಟು ಅಲ್ಲ. ಗೊತ್ತಿಲ್ದೇ ಕಳ್ಳ ಅನ್ಬೇಡಿ. ಅಂದ್ರೆ ಸರಿ ಇರಲ್ಲ.

ಅಚ್ಚಿನ ಮನೆ

ನಾನು ಕಳ್ಳ ಅಂದೇ ಇಲ್ಲ. ಕುಂಬಳಕಾಯಿ ಅಂದೆ, ಹೆಗಲು ನೀವೇ ಮುಟ್ಕೊಂಡ್ರಿ.

ಮೆಕ್ ಮಾವ

ಜಗಳ ಆಮೇಲೆ ಆಡ್ರಪ್ಪ. ಬ್ಯಾಟಲ್‌ಟೆಕ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. 1984ರ ಗೇಮ್, ಮೆಕ್ ಅಂದ್ರೆ ದೈತ್ಯ ಯುದ್ಧ ರೋಬೋಟ್‌ಗಳದ್ದು. ಅದನ್ನ ಮಾಡ್ತಿದ್ದ ಫಾಸಾ ಕಂಪನಿ 2001ರಲ್ಲಿ ಬಾಗಿಲು ಹಾಕ್ತು, ಸತ್ತೇ ಹೋಯ್ತು ಅಂದ್ಕೊಂಡಿದ್ವಿ. 2019ರಲ್ಲಿ ಕ್ಯಾಟಲಿಸ್ಟ್ ಕಂಪನಿಯವರು ಕ್ಲಾನ್ ಇನ್ವೇಷನ್ ಕಿಕ್‌ಸ್ಟಾರ್ಟರ್ ಹಾಕಿದ್ರು, 25 ಲಕ್ಷ ಡಾಲರ್ ದಾಟ್ತು. 2023ರಲ್ಲಿ ಮರ್ಸಿನರೀಸ್ ಹಾಕಿದ್ರು, 75 ಲಕ್ಷ ದಾಟ್ತು. ನಾನು ಎರಡಕ್ಕೂ ಇದ್ದೆ, ನನ್ನ ಹತ್ರ ಈಗ ಎಷ್ಟು ಮೆಕ್ ಇದೆ ಅಂದ್ರೆ ಎಣಿಸೋದು ಬಿಟ್ಟಿದೀನಿ, ಎಣಿಸಿದ್ರೆ ಮನೇಲಿ ಯಾರಾದ್ರೂ ಕೇಳಿಸ್ಕೋತಾರೆ.

ನನ್ನ ಸೀಸದ ಹಳೇ ಮೆಕ್‌ಗಳು, ಹೈಸ್ಕೂಲಲ್ಲಿ ಎನಾಮೆಲ್ ಪೇಂಟ್ ಬಳಿದಿದ್ದು, ಹೊಸ ಪ್ಲಾಸ್ಟಿಕ್ ಮೆಕ್ ಪಕ್ಕ ಗಿಡ್ಡ ಕಾಣ್ತವೆ. ಕಂಡ್ರೆ ಕಾಣ್ಲಿ. ಹೆಕ್ಸ್ ಒಳಗೆ ಕೂತ್ರೆ ಆಯ್ತು, ರೂಲ್ಸ್ ಬುಡ ಅದೇ ಇದೆ, ರೆಕಾರ್ಡ್ ಶೀಟ್ (ಒಂದೊಂದು ಮೆಕ್‌ಗೆ ಬಿದ್ದ ಏಟು ಗುರುತು ಹಾಕೋ ಹಾಳೆ) ಅದೇ ಥರ. ಅದು ಮುಖ್ಯ. ಹೊಸದು ಬಂದಾಗ ಹಳೇದು ಕಸಕ್ಕೆ ಹೋಗೋ ಹಾಗೆ ರೂಲ್ಸ್ ಮಾಡಿದ್ರೆ ಅದು ವಾಪಸ್ ತಂದಂಗಲ್ಲ, ಹೆಸರು ಮಾತ್ರ ಹಾಕ್ಕೊಂಡು ಬೇರೆ ಗೇಮ್ ಮಾರಿದಂಗೆ.

ಹೆಕ್ಸ್ ಹುಚ್ಚ

ಬ್ಯಾಟಲ್‌ಟೆಕ್ ನಿಂತದ್ದೇ ಇಲ್ಲ ಮಾವ. ಫಾಸಾ ಹೋದ್ಮೇಲೆ ಬೇರೆಯವ್ರು ನಡೆಸ್ತಾನೇ ಇದ್ರು, ಪುಸ್ತಕ ಬರ್ತಾನೇ ಇತ್ತು. ನಿಂತೇ ಇಲ್ಲದ್ದನ್ನ ರಿವೈವಲ್ ಅಂದ್ರೆ ಹೇಗೆ?

ಮೆಕ್ ಮಾವ

ಅಂಗಡೀಲಿ ಹುಡುಕಿ ಸಿಗದೇ ಇದ್ದ ವರ್ಷಗಳು ನಂಗೆ ಗೊತ್ತು, ನಿಮಗಲ್ಲ. ಉಸಿರಾಡ್ತಿತ್ತು ಅಂದ ಮಾತ್ರಕ್ಕೆ ಬದುಕಿತ್ತು ಅಂತಲ್ಲ.

ಬೂದು ರಾಶಿ

ಎರಡನೇ ದಾಳ ಅವ್ರೇ ಇನ್ನೊಂದು ಮರ್ತೆ, ನಿಮ್ಮದು ಲೈಸೆನ್ಸ್ ಗೇಮಾ? ಸಿನಿಮಾ ಕಾರ್ಟೂನ್ ಹೆಸರಿದ್ರೆ ದೂರ ಇರಿ. ರೋಬೋಟೆಕ್ ಕಾರ್ಟೂನ್ ಮೇಲೆ ಮಾಡಿದ ರೋಬೋಟೆಕ್ ಆರ್‌ಪಿಜಿ ಟ್ಯಾಕ್ಟಿಕ್ಸ್ ನೋಡಿ, ನಾನು ಅದ್ರಲ್ಲಿ ಇರ್ಲಿಲ್ಲ ಪುಣ್ಯಕ್ಕೆ. 2013ರಲ್ಲಿ 14 ಲಕ್ಷ ಡಾಲರ್ ಮೇಲೆ ಬಂತು, ಮೊದಲ ವೇವ್ ಕೊಟ್ರು, 2018ರ ಫೆಬ್ರವರೀಲಿ ಎರಡನೇ ವೇವ್ ಬರಲ್ಲ ಅಂದ್ರು, ಲೈಸೆನ್ಸ್ ಮುಗೀತು. ಐದು ವರ್ಷ. ಅದೂ ನಿನ್ನೆ ಮೊನ್ನೆಯ ಕಂಪನಿ ಅಲ್ಲ, ದಶಕಗಟ್ಟಲೆ ಪುಸ್ತಕ ಮಾಡ್ಕೊಂಡು ಬಂದೋರು.

ಮೊದಲ ದಿನದವನು

ಹತ್ತು ವರ್ಷದ ಹಿಂದಿನ ಹೆಣ ಎತ್ಕೊಂಡು ಬಂದ್ರಲ್ಲ. ನಾಲ್ಕು ದಿನ ಇರೋ ಮನುಷ್ಯಂಗೆ ಹೆದರಿಸಿ ಏನು ಸುಖ ನಿಮಗೆ?

ಕಾಯೋ ಕಾಕಾ

ಹೆದರಿಸ್ಲಿ ಬಿಡ್ರಿ, ಹೆದರಿಕಿ ಫುಕಟ್ ಐತಿ. ಪ್ಲೆಡ್ಜ್ ಅಲ್ಲ.

ಎರಡನೇ ದಾಳ

ಎಲ್ರಿಗೂ ಥ್ಯಾಂಕ್ಸ್. ಲೈಸೆನ್ಸ್ ಗೇಮ್ ಅಲ್ಲ. ಎಕ್ಸ್‌ಕ್ಲೂಸಿವ್ ಯಾವುದು ಅಂತ ಪೇಜ್ ಮತ್ತೆ ಓದಿದೆ, ಒಂದು ಡ್ರ್ಯಾಗನ್ ಮಾತ್ರ, ಅದು ನಮಗೆ ಬೇಡ. ಈಗ ಮೂರು ದಿನ ಉಳಿದಿದೆ. ಬೇಸ್ ಬಗ್ಗೆ ಮಾತ್ರ ಇನ್ನೂ ಯಾರೂ ಹೇಳ್ಲಿಲ್ಲ, ಹಳೇದು 25, ಹೊಸದು 32 ಅಂತೆ. ಹಳೇ 60ನ್ನೂ ಕಿತ್ತು ಬೇರೆ ಬೇಸಿಗೆ ಹಾಕ್ಬೇಕಾ?

ಮೆಕ್ ಮಾವ

ಕೀಳ್ಬೇಡಿ. ಬ್ಲಡ್ ಬೌಲ್ 2016ರಲ್ಲಿ ವಾಪಸ್ ಬಂದಾಗಲೂ ಇದೇ ಆಗಿದ್ದು, 25ರಿಂದ 32ಕ್ಕೆ ಹೋಯ್ತು. ಹಳೇ ಬೇಸ್ ಸುತ್ತ ಹಾಕೋ ಉಂಗುರ ಸಿಗುತ್ತೆ, 25 ಒಳಗೆ ಕೂರುತ್ತೆ, ಹೊರಗೆ 32.

ರೆಸಿನ್ ರಾಕ್ಷಸ

ಉಂಗುರ ಪ್ರಿಂಟ್ ಮಾಡ್ಕೊಳ್ಳಿ, 60 ಉಂಗುರ ಎರಡು ಗಂಟೆ. ನೋಡಿ, ಕೊನೆಗೂ ಪ್ರಿಂಟರ್‌ಗೇ ಬಂದ್ರಿ.

ಕಾಯೋ ಕಾಕಾ

ಉಂಗುರ ಹಾಕಿದ ಗೊಂಬಿ ಟೈರ್‌ನ್ಯಾಗ ನಿಂತಂಗ ಕಾಣ್ತೈತಿ. ವಾರ್‌ಹ್ಯಾಮರ್‌ನ ದಿ ಓಲ್ಡ್ ವರ್ಲ್ಡ್ ಗೇಮ್ ಬಂದಾಗ 20 ಎಂಎಂ ಚೌಕದ ಬೇಸ್ 25 ಆತು, ಓರ್ಕ್‌ಗೆ 25 ಹೋಗಿ 30 ಆತು, ನನ್ನ 140 ಓರ್ಕ್ ಒಂದೊಂದಾಗಿ ಕಿತ್ತು ಹಚ್ಚೀನಿ, ಎರಡು ಬೆರಳು ಕೊಯ್ಕೊಂಡು. ಮಾಡಿದ್ರ ಪೂರಾ ಮಾಡ್ರಿ.

ಮೆಕ್ ಮಾವ

ನಿಮ್ಮ ಬೆರಳಿಗೆ ಆಗಿದ್ದು ಅವ್ರ ಬೆರಳಿಗೂ ಆಗ್ಬೇಕಾ ಕಾಕಾ? ಚೌಕದ ಬೇಸ್ ರ್‍ಯಾಂಕಲ್ಲಿ (ಸಾಲಾಗಿ) ನಿಲ್ಲೋಕೆ, ಅಲ್ಲಿ ಸೈಜು ಮುಖ್ಯ. ಇದು ಸ್ಕರ್ಮಿಶ್.

ಕಾಯೋ ಕಾಕಾ

ಸ್ಕರ್ಮಿಶ್ ಆದ್ರೇನು, ದೂರ ಅಳೆಯೋದು ಬೇಸ್ ಅಂಚಿನಿಂದ ಅಲ್ಲೇನ್ರಿ? 7 ಎಂಎಂ ಅಂದ್ರ ಸಣ್ಣದಾತ?

ಬೂದು ರಾಶಿ

ಎರಡನೇ ದಾಳ ಅವ್ರೇ, ಸ್ಕರ್ಮಿಶ್ ಅಂದ್ರಿ, 60 ಫಿಗರ್ ಅಂದ್ರಿ, ನಂಗೆ ಯಾವ ಗೇಮ್ ಅಂತ ಅಂದಾಜಾಯ್ತು. ನಂದು ಆ ಗೇಮ್‌ದಲ್ಲ, ಆದ್ರೆ ನನ್ನ ವೇವ್ 2 ಪೆಟ್ಟಿಗೆ ಇನ್ನೂ ಟೇಪ್ ಕೂಡ ತೆಗ್ದಿಲ್ಲ, 32ರ ಬೇಸ್ ಎಪ್ಪತ್ತು ಇರ್ಬೇಕು ಒಳಗೆ. ಬೇಕಿದ್ರೆ ಪೂರ್ತಿ ಪೆಟ್ಟಿಗೆನೇ ತಗೊಳ್ಳಿ, ದುಡ್ಡು ಬೇಡ, ಪೋಸ್ಟೇಜ್ ನಿಮ್ದು.

ಅಚ್ಚಿನ ಮನೆ

ಟೇಪೇ ತೆಗ್ದಿಲ್ವಾ? ಮತ್ತೆ ಬಾಗಿದ ಈಟಿ ಹೆಂಗೆ ನೋಡಿದ್ರಿ?

ಬೂದು ರಾಶಿ

ಅದು ವೇವ್ 1 ರೀ! ಮೇಲೆ ಬರ್ದಿದೀನಿ. ಓದೋಕೆ ಬರದೇ ಇದ್ರೆ ನಾನೇನು ಮಾಡ್ಲಿ.